ಒಂದಂಗುಲದ ಬೀಗತನ

ಎಫಿ ಡಂಕರ್ಲಿ ಕರೆದಾಗ ರೇಡಿಯೊದಲ್ಲಿ
ಗಾಳಿಯೇ ಮುಕ್ಕಾಲು ಮಾತಾಡಿತು.
ಉಳಿದ ಕಾಲರಲ್ಲಿ ನನಗೆ ಸಿಕ್ಕಿದ್ದು ಇಷ್ಟು:
ಎರಡನೆಯ ಗೇರು ಹಲ್ಲು ಉದುರಿಸಿಕೊಂಡಿದೆ,
ಮೂರನೆಯದು ಹಾಕಿದಲ್ಲಿ ನಿಲ್ಲುವುದಿಲ್ಲ,
ಮೊಣಕಾಲಲ್ಲಿ ಒತ್ತಿಹಿಡಿದು ಓಡಿಸುತ್ತಿದ್ದೇನೆ,
ಬರುವಾಗ ಸಕ್ಕರೆ ತಾ.

ಫಾಕ್‌ಲ್ಯಾಂಡಿನ ಪಡುವಣ ದ್ವೀಪ. ಮರವೆಂಬುದಿಲ್ಲ.
ಗಾಳಿಗೆ ಮರೆ ಬೇಕಾದರೆ ಗಾಡಿಯೇ ಮರೆ.
ನಾನು ಸೇಂಟ್ ಹೆಲೆನಾದವನು,
ಕೂಲಿಗೆಂದು ಬಂದು ಹನ್ನೊಂದು ಚಳಿಗಾಲ;
ಇಲ್ಲಿಯ ಕೆಸರು ಇನ್ನೂ ನನ್ನನ್ನು ನಂಬಿಲ್ಲ.
ಒಣಗಿಸಿದರೆ ಒಲೆಯಲ್ಲಿ ಉರಿಯುವ ಕರಿಮಣ್ಣು,
ಹುಲ್ಲು ಹೊದ್ದು ಗಟ್ಟಿನೆಲದಂತೆ ನಟಿಸಿ
ಅಚ್ಚಿನ ತನಕ ನುಂಗುತ್ತದೆ.

ಅವಳ ಲ್ಯಾಂಡ್‌ರೋವರ್ ಎಪ್ಪತ್ನಾಲ್ಕರದ್ದು.
ಬಣ್ಣ ಹಸಿರೆಂದು ಕಾಗದ ಹೇಳುತ್ತದೆ.
ಅದರ ಗೇರ್‌ಬಾಕ್ಸಿಗೆ ಬಿಡಿಭಾಗ ಬರಲು
ಹಡಗು, ಹವೆ, ದೇವರು ಮೂವರೂ ಒಪ್ಪಬೇಕು.
ಆದರೆ ಕೊಲ್ಲಿಯಂಚಿನಲ್ಲಿ
ಉಬ್ಬರಕ್ಕೆ ಸಿಕ್ಕು ಸತ್ತ ಟೊಯೊಟಾ ಒಂದು ಬಿದ್ದಿತ್ತು.
ಮೈಯೆಲ್ಲ ಉಪ್ಪು ತಿಂದು ಜರಡಿ;
ಗೇರ್‌ಬಾಕ್ಸಿನ ಎಣ್ಣೆ ಮಾತ್ರ ಜೇನಿನಷ್ಟು ತಿಳಿ.
"ಅದನ್ನೇ ಇದಕ್ಕೆ ಹಾಕು" ಎಂದಳು,
ಸತ್ತ ಮರಿಯ ತೊಗಲು ಸುಲಿದು ತಬ್ಬಲಿ ಮರಿಗೆ ಹೊದಿಸಿ
ತಾಯಿಕುರಿಯನ್ನು ಏಮಾರಿಸಿ ಹಾಲೂಡಿಸುವವಳು.
ಅವಳಿಗೆ ಇದೇನೂ ಹೊಸತಲ್ಲ.

ಎರಡನ್ನೂ ಅಕ್ಕಪಕ್ಕ ಮಲಗಿಸಿ ನೋಡಿದೆ.
ಅವನ ಕಡೆಯವರು ಇಂಚು, ಇವಳ ಕಡೆ ಮಿಲಿಮೀಟರು.
ಕ್ಲಚ್ಚಿನ ನಡುವೆ ಅವನಿಗೆ ಹತ್ತು ಹಲ್ಲು,
ಇವಳಿಗೆ ಇಪ್ಪತ್ತೊಂದು.
ಇವಳ ಬೋಲ್ಟು ಹೋಗುವಲ್ಲೆಲ್ಲ
ಅವನದು ಬರೀ ಗೋಡೆ.
ಯಾವ ಹಿರಿಯರೂ ವೀಳ್ಯ ಹಿಡಿಯದ ಸಂಬಂಧ.

ಅದಕ್ಕೇ ನಡುವೆ ಒಂದು ಫಲಕ:
ಒಡೆದ ಕಟ್ಟೆಯಿಂದ ಕಿತ್ತ ಉಕ್ಕು, ಒಂದಂಗುಲ ದಪ್ಪ,
ಒಂದು ಮೈಗೆ ಇಂಗ್ಲಿಷ್ ತೂತು, ಇನ್ನೊಂದಕ್ಕೆ ಜಪಾನಿ,
ಬೀಗರಿಬ್ಬರ ನಡುವೆ ಕೂತು
ಈ ಕಡೆಗೂ ಹೌದು, ಆ ಕಡೆಗೂ ಹೌದು ಎನ್ನುವ ದಲ್ಲಾಳಿ.
ಕೂದಲೆಳೆಯಷ್ಟು ನಡು ತಪ್ಪಿದರೂ
ನೂರು ಮೈಲಿಗೆ ಬೇರಿಂಗು ಪುಡಿ.
ಮೂರು ದಿನ ಕೊರೆದೆ, ಅಳೆದೆ, ಬೈದೆ.
ಎಫಿ ಚಹಾ ತಂದಿಟ್ಟು
ಏನೂ ಕೇಳದೆ ಹೋಗುತ್ತಿದ್ದಳು.

ಒಂದು ಸರಿದರೆ ಎಲ್ಲವೂ ಸರಿಯಬೇಕು.
ಹಿಂದಿನ ಶಾಫ್ಟು ಗಿಡ್ಡವಾಯಿತು, ಮುಂದಿನದು ಉದ್ದ.
ಅಡ್ಡಪಟ್ಟಿ ಕತ್ತರಿಸಿ ಗೇಣಳತೆ ಹಿಂದಕ್ಕೆ ಬೆಸೆದೆ.
ನೆಲದ ತಗಡಿಗೆ ಹೊಸ ಬಾಯಿ ತೆರೆದು
ಹಳೆಯ ಬಾಯಿಗೆ ಬಿಸ್ಕತ್ತು ಡಬ್ಬದ ಮುಚ್ಚಳ ಬಡಿದೆ;
ಅದರ ಮೇಲೆ ಅರ್ಧ ಗುಲಾಬಿ.

ನಾಲ್ಕನೆಯ ಸಂಜೆ ಕೀಲಿ ತಿರುಗಿಸಿದಳು.

ಹಳೆಯದು ಗೊಣಗಿದರೆ ಎರಡು ಗುಡ್ಡದಾಚೆ ಕೇಳುತ್ತಿತ್ತು,
ನೆರೆಮನೆಯವರು ಅದನ್ನು ಕೇಳಿಯೇ ನೀರು ಕಾಯಿಸಲಿಡುತ್ತಿದ್ದರು.
ಹೊಸದಕ್ಕೆ ಬಾಯೇ ಇಲ್ಲ.
ಅದೇ ಗಾಡಿಯಲ್ಲಿ ಹದಿಮೂರು ವರ್ಷ ಕೂತು ತಿರುಗಿದ
ಕುರಿನಾಯಿ ಬ್ರ್ಯಾಕನ್
ತನ್ನ ಗಾಡಿಯನ್ನೇ ಬೊಗಳಿ ಬೊಗಳಿ
ಉಣ್ಣೆಕೊಟ್ಟಿಗೆಯ ಹಿಂದೆ ಅಡಗಿತು.

ಹಿಂದಕ್ಕೆ ತೆಗೆಯಲು ಎಫಿಯ ಎಡಗೈ
ನಲವತ್ತು ವರ್ಷದ ರೂಢಿಯಲ್ಲಿ
ಎಡಕ್ಕೆಳೆದು ಮುಂದೆ ನೂಕಿತು.
ಆ ಮನೆಯಲ್ಲೀಗ ಒಂದನೆಯ ಗೇರಿನ ವಾಸ.
ಗಾಡಿ ಹೇಳಿದ ಮಾತು ಕೇಳಿ
ಮುಂದಕ್ಕೇ ಹೋಯಿತು:
ಕೋಳಿಗೂಡು, ನನ್ನ ಹತ್ಯಾರದ ಪೆಟ್ಟಿಗೆ,
ಕೊನೆಗೆ ಗೇಟು.

ಇಳಿದಳು. ಗೇಟನ್ನು ನೋಡಿದಳು. ನನ್ನನ್ನಲ್ಲ.
"ಗಾಡಿ ಸರಿಯಾಗಿದೆ" ಎಂದಳು,
"ಇನ್ನು ಈ ಕೈಗೊಂದು ಫಲಕ ಕೊರೆದು ಕೊಡು."

ಹಳೆಯ ಗೇರ್‌ಬಾಕ್ಸು ಈಗ ಆ ಮುರಿದ ಗೇಟಿಗೆ ಆನಿಕೆ.
ಅದರ ಬಾಯಿಂದ ಇನ್ನೂ ಎಣ್ಣೆ ತೊಟ್ಟಿಕ್ಕಿ
ಅಲ್ಲೊಂದು ಬೊಗಸೆಯಷ್ಟು ಹುಲ್ಲು ಸತ್ತಿದೆ.

ಐದನೆಯ ಗೇರು ಕೇಳುವಂಥ ದಾರಿ
ಅವಳ ಸೀಮೆಯಲ್ಲಿ ಇಲ್ಲ, ಅದನ್ನು ನಾನು ಮೊದಲೇ ಹೇಳಿದ್ದೆ.
ತಿಂಗಳ ಮೇಲೆ ರೇಡಿಯೊದಲ್ಲಿ ಬಂದಳು:
ವಿಮಾನ ಬಾರದ ದಿನ ನೋಡಿ
ಇಳಿಯುವ ಹುಲ್ಲುಪಟ್ಟಿಯಲ್ಲಿ ಹಾಕಿಯೇಬಿಟ್ಟೆ.
ನಾಯಿ ಪಕ್ಕದಲ್ಲೇ ಕೂತಿತ್ತು.
ಹುಲ್ಲು ಮುಗಿಯಿತು ಕಣೋ,
ಗೇರು ಇನ್ನೂ ಇತ್ತು.